ಹಳೆಯ ಮ್ಯಾನುವಲ್ ಲೆನ್ಸ್‌ನಲ್ಲಿ ಹಂಪಿ: ಲೆನ್ಸ್ ಪರೀಕ್ಷೆಯಿಂದ ಚಿತ್ರ ಹಂಚಿಕೊಳ್ಳುವವರೆಗೆ

ಹಳೆಯ ಮ್ಯಾನುವಲ್ ಲೆನ್ಸ್ ಕೂರಿಸಿದ ಮೇಲೆ ಕ್ಯಾಮೆರಾಕ್ಕೆ ಮೂರು ಸಂಗತಿ ಗೊತ್ತಾಗುವುದಿಲ್ಲ: ಮುಂದಿರುವುದು ಯಾವ ಲೆನ್ಸ್, ಅದರ ಫೋಕಲ್ ಲೆಂಗ್ತ್ (ಎಷ್ಟು ಅಗಲದ ನೋಟ ಹಿಡಿಯುತ್ತದೆ ಎಂದು ಹೇಳುವ ಮಿ.ಮೀ. ಅಂಕಿ) ಎಷ್ಟು, ಅಪರ್ಚರ್ (ಬೆಳಕು ಬಿಡುವ ಕಿಂಡಿ; ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು) ಎಷ್ಟಕ್ಕೆ ನಿಂತಿದೆ. ಫೋಕಸ್ ಅಂತೂ ನಮ್ಮ ಬೆರಳಿನ ಕೆಲಸ. ಪ್ರವಾಸದಲ್ಲಿ ಚಿತ್ರ ಕೆಡುವುದು ಬಹುಪಾಲು ಈ ಮೂರರಲ್ಲಿ ಒಂದನ್ನು ನಾವು ಮರೆತಾಗ. ಊರಿಗೆ ಮರಳಿ ಚಿತ್ರ ಹಂಚಿಕೊಳ್ಳುವಾಗ ನೋಡಿದವರು ಮೊದಲು ಕೇಳುವುದೂ ಇದನ್ನೇ. ಹಾಗಾಗಿ ಮನೆಯಲ್ಲಿ ಲೆನ್ಸ್ ಪರೀಕ್ಷಿಸುವುದರಿಂದ ಹಿಡಿದು ಚಿತ್ರದ ಕೆಳಗೆ ವಿವರ ಬರೆಯುವ ತನಕ ಈ ಮೂರನ್ನು ಕೈಬಿಡದೆ ಹೋಗುವ ಕ್ರಮ ಇಲ್ಲಿದೆ. ಉದಾಹರಣೆಗೆ ಎರಡು ದಿನದ ಹಂಪಿ ಪ್ರವಾಸ ಇಟ್ಟುಕೊಂಡಿದ್ದೇವೆ. ಸುಡುಬಿಸಿಲಿನ ಬಂಡೆ, ಕತ್ತಲೆಯ ಮಂಟಪ, ಹೊಳೆ, ಪೇಟೆ, ತೋಟ ಎಲ್ಲವೂ ಅಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಹಳೆಯ ಲೆನ್ಸ್‌ಗೆ ಇರುವ ಅಷ್ಟೂ ಸವಾಲು ಒಂದೇ ದಿನದಲ್ಲಿ ಎದುರಾಗುತ್ತವೆ.

ಯಾವ ಲೆನ್ಸ್, ಎಷ್ಟು ಲೆನ್ಸ್

ಎರಡು ಸಾಕು. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್‌ನ) ಕ್ಯಾಮೆರಾ ಇದ್ದರೆ 28 ಮಿ.ಮೀ. ಒಂದು, 50 ಅಥವಾ 58 ಮಿ.ಮೀ. ಒಂದು. ಬೆಟ್ಟದ ಮೇಲಿಂದ ದೂರದ ಗೋಪುರ ಹಿಡಿಯುವ ಆಸೆ ಇದ್ದವರು 135 ಮಿ.ಮೀ. ಸೇರಿಸಿಕೊಳ್ಳಬಹುದು, ಆದರೆ ಮೂರನೆಯದು ಬಂದ ಕೂಡಲೇ ಬದಲಾಯಿಸುವುದರಲ್ಲೇ ಹೊತ್ತು ಹೋಗುತ್ತದೆ. ಸೆನ್ಸರ್ ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಕ್ಯಾಮೆರಾದಲ್ಲಿ 1.5 ಪಟ್ಟು ಲೆಕ್ಕ ಹಾಕಿ: 28 ಮಿ.ಮೀ. ಅಲ್ಲಿ 42ರಷ್ಟು, 58 ಮಿ.ಮೀ. 87ರಷ್ಟು ಕಿರಿದಾಗಿ ಕಾಣುತ್ತದೆ. ಕ್ಯಾನನ್‌ನ ಎಪಿಎಸ್-ಸಿಯಲ್ಲಿ ಈ ಪಟ್ಟು 1.6, ಇನ್ನೂ ಚಿಕ್ಕ ಸೆನ್ಸರ್‌ನ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 2.

ಹವ್ಯಾಸಿಗಳ ಕೈಯಲ್ಲಿ ಹೆಚ್ಚು ಕಾಣುವುದು ಸೋವಿಯತ್ ಕಾಲದ ಹೀಲಿಯೋಸ್ 44-2. 58 ಮಿ.ಮೀ., ಎಫ್ 2, ಎಂಟು ಎಲೆಗಳ ಅಪರ್ಚರ್, ಜರ್ಮನಿಯ ಝೈಸ್ ಬಯೋಟಾರ್ ವಿನ್ಯಾಸದ ಮೇಲೆ ಮಾಡಿದ್ದು. ಹಿನ್ನೆಲೆ ಸುತ್ತಿದಂತೆ ಕಾಣುವ ಬೊಕೆಗಾಗಿಯೇ (ಫೋಕಸ್ ಇಲ್ಲದ ಭಾಗದ ಮಸುಕಿಗಾಗಿಯೇ) ಇದನ್ನು ಹುಡುಕಿ ಕೊಳ್ಳುತ್ತಾರೆ. ಇದರ ಅಪರ್ಚರ್ ವ್ಯವಸ್ಥೆ ಮೊದಲ ಸಲ ಹಿಡಿದವರನ್ನು ಗೊಂದಲಕ್ಕೆ ನೂಕುತ್ತದೆ, ಏಕೆಂದರೆ ರಿಂಗ್ ಎರಡು ಇವೆ. ಒಂದು ರಿಂಗ್‌ನಲ್ಲಿ ಮಿತಿ ಗೊತ್ತು ಮಾಡುತ್ತೀರಿ, ಎಫ್ 5.6 ಎಂದುಕೊಳ್ಳಿ. ಇನ್ನೊಂದು ರಿಂಗ್ ಟಕ್ ಟಕ್ ಎನ್ನದೆ ನುಣ್ಣಗೆ ತಿರುಗುತ್ತದೆ. ಅದನ್ನು ಪೂರ್ತಿ ತೆರೆದು ಎಫ್ 2ರಲ್ಲಿ ಫೋಕಸ್ ಮಾಡಿ, ಆಮೇಲೆ ಕಣ್ಣು ತೆಗೆಯದೆ ತಡೆಯುವವರೆಗೆ ತಿರುಗಿಸಿದರೆ ನೇರವಾಗಿ 5.6ಕ್ಕೆ ಬಂದು ನಿಲ್ಲುತ್ತದೆ. ರೂಢಿಯಾದರೆ ಇದರಷ್ಟು ಅನುಕೂಲದ ವ್ಯವಸ್ಥೆ ಬೇರೆಯದಿಲ್ಲ.

ಅಸಾಹಿ ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಮಿ.ಮೀ. ಎಫ್ 1.4 ಕೂಡ ಹೀಲಿಯೋಸ್‌ನಂತೆ ಎಂ42 ತಿರುಪಿನದೇ (42 ಮಿ.ಮೀ. ಅಗಲದ ತಿರುಪಿನಿಂದ ಕ್ಯಾಮೆರಾಕ್ಕೆ ಕೂರುವ ಹಳೆಯ ವ್ಯವಸ್ಥೆ), ಕೈಗೆ ಬೆಣ್ಣೆಯಂತೆ ತಿರುಗುವ ಫೋಕಸ್. ಇದರ ಏಳು ಗಾಜಿನ ಆವೃತ್ತಿಯಲ್ಲಿ ಥೋರಿಯಂ ಬೆರೆಸಿದ ಗಾಜು ಇದೆ. ವರ್ಷಗಳು ಕಳೆದಂತೆ ಅದು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಳದಿ ಹೋಗಿಸಲು ಮುಚ್ಚಳ ತೆಗೆದು ಅಲ್ಟ್ರಾವಯಲೆಟ್ ಎಲ್‌ಇಡಿ ದೀಪದ ಕೆಳಗೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇಡುತ್ತಾರೆ. ದೀಪವನ್ನು ಕಣ್ಣಿಗೆ ಬೀಳದಂತೆ ಡಬ್ಬದೊಳಗೆ ಇಡಿ. ಬಿಸಿಲಿಗೆ ಇಡುವುದಾದರೆ ಎಚ್ಚರ: ಲೆನ್ಸ್ ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಕೂಡಿಸಿ ಕೆಳಗಿನ ಬಟ್ಟೆ, ಮರವನ್ನು ಸುಡಬಲ್ಲದು. ಆ ಗಾಜನ್ನು ಬಿಚ್ಚಿ ಉಜ್ಜುವ, ಕೆರೆಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಅದರ ಪುಡಿ ಉಸಿರಿಗೆ ಹೋಗಬಾರದು.

ನಿಕಾನ್ ಕಂಪನಿಯ ನಿಕ್ಕಾರ್ 28 ಮಿ.ಮೀ. ಎಫ್ 2.8 ಎಐ-ಎಸ್ ಹಂಪಿಗೆ ಹೇಳಿ ಮಾಡಿಸಿದ ಲೆನ್ಸ್. 20 ಸೆಂ.ಮೀ. ಹತ್ತಿರಕ್ಕೂ ಫೋಕಸ್ ಆಗುವುದರಿಂದ ಕಂಬದ ಮೇಲಿನ ಅಂಗೈ ಅಗಲದ ಉಬ್ಬುಶಿಲ್ಪ ಹಿಡಿದ ಅದೇ ಲೆನ್ಸ್‌ನಲ್ಲಿ ಇಡೀ ಮಂಟಪವನ್ನೂ ಹಿಡಿಯಬಹುದು. ಒಲಿಂಪಸ್ ಓಎಂ, ಮಿನೋಲ್ಟಾ ಎಂಡಿ ಸಾಲಿನ 28 ಮತ್ತು 50 ಮಿ.ಮೀ.ಗಳೂ ಹಗುರ, ಚೊಕ್ಕ.

ಒಂದು ಸಲಹೆ ಗಟ್ಟಿಯಾಗಿ ಹೇಳಬೇಕಾದದ್ದು: ಒಂದು ಪ್ರವಾಸಕ್ಕೆ ಒಂದೇ ಕಂಪನಿಯ ಲೆನ್ಸ್‌ಗಳನ್ನು ಒಯ್ಯಿರಿ. ಫೋಕಸ್ ರಿಂಗ್ ತಿರುಗುವ ದಿಕ್ಕು ಕಂಪನಿಯಿಂದ ಕಂಪನಿಗೆ ಬೇರೆ. ನಿಕಾನ್ ಮತ್ತು ಕ್ಯಾನನ್ ಎಫ್‌ಡಿ ಒಂದಕ್ಕೊಂದು ಉಲ್ಟಾ. ಎರಡನ್ನೂ ಬೆರೆಸಿದರೆ ಹರಿಗೋಲು ಪಕ್ಕದಲ್ಲಿ ಹಾದುಹೋಗುವ ಆ ಎರಡು ಸೆಕೆಂಡಿನಲ್ಲಿ ಬೆರಳು ತಪ್ಪು ದಿಕ್ಕಿಗೇ ಓಡುತ್ತದೆ.

ಕೊಳ್ಳುವಾಗ, ಹೊರಡುವಾಗ: ಲೆನ್ಸ್ ಪರೀಕ್ಷೆ

ಬೇಕಾಗಿರುವುದು ಒಂದು ಟಾರ್ಚ್, ಒಂದು ಬಿಳಿ ಕಾಗದ, ಹತ್ತು ನಿಮಿಷ.

ಅಪರ್ಚರ್ ಪೂರ್ತಿ ತೆರೆಯಿರಿ. ಹಿಂದಿನ ಗಾಜಿನ ಕಡೆಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ. ಬೆಳಕು ಕಣ್ಣಿಗೆ ನೇರ ಬೀಳಬಾರದು, ಗಾಜಿನ ಮೇಲೆ ಜಾರಿದಂತಿರಬೇಕು. ಜೇಡನ ಬಲೆಯಂತೆ, ಬೇರಿನಂತೆ ಕವಲೊಡೆದ ಎಳೆ ಕಂಡರೆ ಅದು ಫಂಗಸ್. ಇಡೀ ಗಾಜು ಮಂಜು ಕವಿದಂತಿದ್ದರೆ ಹೇಜ್. ಅಂಚಿನಿಂದ ಕಾಮನಬಿಲ್ಲಿನ ಬಣ್ಣದ ಕಲೆ ಒಳಗೆ ಚಾಚಿದ್ದರೆ ಎರಡು ಗಾಜುಗಳನ್ನು ಕೂಡಿಸಿದ ಅಂಟು ಬಿಟ್ಟಿದೆ ಎಂದರ್ಥ. ಅದನ್ನು ಸರಿಮಾಡಿಸುವ ಖರ್ಚು ಲೆನ್ಸ್‌ನ ಬೆಲೆಯನ್ನೇ ಮೀರಬಹುದು. ನಾಲ್ಕಾರು ಧೂಳಿನ ಕಣ, ಮುಂದಿನ ಗಾಜಿನ ಮೇಲೊಂದು ಕೂದಲೆಳೆಯ ಗೀರು ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿಂದಿನ ಗಾಜಿನ ಗೀರು ಹಾಗಲ್ಲ, ಅದು ಸೆನ್ಸರ್‌ಗೆ ಹತ್ತಿರ ಇರುವುದರಿಂದ ಚಿತ್ರದಲ್ಲಿ ಕಾಣಿಸಿಕೊಳ್ಳುತ್ತದೆ.

ಅಂಚಿನಲ್ಲಿ ಚುಕ್ಕೆಯಷ್ಟು ಫಂಗಸ್ ಇದ್ದರೆ ಎಫ್ 8ರಲ್ಲಿ ಏನೂ ಗೊತ್ತಾಗದು, ಎದುರುಬಿಸಿಲಿನಲ್ಲಿ ಮಾತ್ರ ಗೊತ್ತಾಗುತ್ತದೆ. ಆದರೆ ಬಿಟ್ಟಷ್ಟೂ ಅದು ಗಾಜಿನ ಲೇಪನವನ್ನು ತಿನ್ನುತ್ತದೆ, ಆ ಗುರುತು ಮತ್ತೆ ಹೋಗುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಇರುವವರು ಇಂಥ ಲೆನ್ಸ್ ಕೊಳ್ಳದಿರುವುದೇ ವಾಸಿ.

ಇನ್ನು ಅಪರ್ಚರ್ ಎಲೆ. ರಿಂಗ್ ತಿರುಗಿಸುತ್ತಾ ಒಳಗೆ ನೋಡಿ, ಎಲೆಗಳ ಮೇಲೆ ಎಣ್ಣೆಯ ಹೊಳಪು ಇದೆಯೇ? ಫೋಕಸ್‌ನ ಗ್ರೀಸ್ ಬಿಸಿಗೆ ಕರಗಿ ಹರಿದು ಬಂದಿರುತ್ತದೆ. ಹೀಲಿಯೋಸ್‌ನಂಥ ಪ್ರಿಸೆಟ್ (ಎರಡು ಅಪರ್ಚರ್ ರಿಂಗಿನ) ಲೆನ್ಸ್‌ನಲ್ಲಿ ಕೈಯಿಂದಲೇ ತಿರುಗಿಸುವುದರಿಂದ ಸ್ವಲ್ಪ ಎಣ್ಣೆ ಇದ್ದರೂ ನಡೆಯುತ್ತದೆ. ಸ್ಪ್ರಿಂಗ್‌ನಿಂದ ಮುಚ್ಚುವ ಲೆನ್ಸ್‌ಗಳಲ್ಲಿ ಎಲೆ ನಿಧಾನವಾಗಿ ಮುಚ್ಚಿ ಬೆಳಕಿನ ಲೆಕ್ಕ ತಪ್ಪುತ್ತದೆ. ಫೋಕಸ್ ರಿಂಗ್ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಬಿಗಿಯಲ್ಲಿ ತಿರುಗಬೇಕು; ನಡುವೆ ಸಡಿಲ, ಕೊನೆಗೆ ಬಿಗಿ ಎಂದಾದರೆ ಗ್ರೀಸ್ ಒಣಗಿದೆ.

ಅಡಾಪ್ಟರ್

ಲೆನ್ಸ್‌ನ ಕೂರುವ ಮುಖದಿಂದ ಸೆನ್ಸರ್‌ಗೆ ಇರಬೇಕಾದ ದೂರವನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ಎಂ42ಗೆ 45.46 ಮಿ.ಮೀ., ನಿಕಾನ್ ಎಫ್‌ಗೆ 46.5, ಓಎಂಗೆ 46, ಮಿನೋಲ್ಟಾಗೆ 43.5, ಕ್ಯಾನನ್ ಎಫ್‌ಡಿಗೆ 42. ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಬಹಳ ಕಡಿಮೆ: ಸೋನಿ ಇ 18, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ 20, ಫ್ಯೂಜಿ ಎಕ್ಸ್ 17.7. ನಡುವಿನ ಅಂತರವನ್ನು ತುಂಬುವ ಖಾಲಿ ಕೊಳವೆಯೇ ಅಡಾಪ್ಟರ್. ಎಂ42 ಲೆನ್ಸ್ ಸೋನಿಗೆ ಕೂರಬೇಕಾದರೆ ಅದು 27.46 ಮಿ.ಮೀ. ದಪ್ಪ ಇರಬೇಕು. ಒಳಗೆ ಗಾಜು ಇರಬಾರದು.

ಕನ್ನಡಿ ಇರುವ ಡಿಎಸ್‌ಎಲ್‌ಆರ್ ಇಟ್ಟುಕೊಂಡವರಿಗೆ ದಾರಿ ಕಿರಿದು. ಕ್ಯಾನನ್ ಇಎಫ್‌ನ ದೂರ 44 ಆದ್ದರಿಂದ ಎಂ42 ಲೆನ್ಸ್ ತೆಳ್ಳನೆಯ ರಿಂಗ್‌ನಲ್ಲಿ ಕೂತು ಅನಂತಕ್ಕೂ (ಬಹುದೂರದ ವಸ್ತುವಿಗೂ) ಫೋಕಸ್ ಆಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಕೆಲವು ಲೆನ್ಸ್‌ಗಳ ಹಿಂಭಾಗ ಕನ್ನಡಿಗೆ ತಾಗುವ ಅಪಾಯ ಇರುವುದರಿಂದ ಮೊದಲು ನಿಧಾನವಾಗಿ ಪರೀಕ್ಷಿಸಿ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಎಂ42 ಅನಂತಕ್ಕೆ ಹೋಗುವುದಿಲ್ಲ, ಹೋಗಬೇಕಾದರೆ ನಡುವೆ ಗಾಜು ಬೇಕು, ಆ ಗಾಜು ಚಿತ್ರವನ್ನು ಮೆತ್ತಗಾಗಿಸುತ್ತದೆ. ಅವರು 1977ರಿಂದೀಚೆಗಿನ ಎಐ ಅಥವಾ ಎಐ-ಎಸ್ ನಿಕ್ಕಾರ್‌ಗಳನ್ನೇ ಹುಡುಕಲಿ. ಡಿ7000, ಡಿ7100, ಡಿ7200ಗಳಲ್ಲಿ ಅವುಗಳೊಂದಿಗೆ ಬೆಳಕು ಅಳೆಯುವ ಮೀಟರ್ ಕೆಲಸ ಮಾಡುತ್ತದೆ. ಡಿ3000 ಸಾಲಿನಲ್ಲಿ ಮಾಡುವುದಿಲ್ಲ. ಎಐಗಿಂತ ಹಳೆಯ ನಿಕ್ಕಾರ್ ಕೆಲವು ನಿಕಾನ್ ಕ್ಯಾಮೆರಾಗಳ ಮೌಂಟ್ ಅಂಚಿನ ಸಣ್ಣ ಕೀಲನ್ನು ಮುರಿಯುತ್ತದೆ, ಒತ್ತಾಯದಿಂದ ಕೂರಿಸಬೇಡಿ.

ಅಡಾಪ್ಟರ್ ಕೈಗೆ ಬಂದ ಮೇಲೆ ನೋಡಬೇಕಾದವು ಇಷ್ಟು.

ಲೆನ್ಸ್ ಹಿಡಿದು ಮೆಲ್ಲಗೆ ಅಲುಗಿಸಿ. ತಿರುಗುವ ದಿಕ್ಕಿನಲ್ಲಿ ಕೂದಲೆಳೆಯಷ್ಟು ಆಟ ಇದ್ದರೆ ಸಹಿಸಬಹುದು. ಮೇಲೆ ಕೆಳಗೆ ವಾಲಿದರೆ ಚಿತ್ರದ ಒಂದು ಬದಿ ಚೂಪು, ಇನ್ನೊಂದು ಬದಿ ಮಸುಕು ಬರುತ್ತದೆ. ಜನ ಲೆನ್ಸ್ ಮೇಲೆ ತಪ್ಪು ಹೊರಿಸುತ್ತಾರೆ, ತಪ್ಪು ಅಡಾಪ್ಟರ್‌ನದು.

ಎಂ42 ಲೆನ್ಸ್ ಬಿಗಿದಾಗ ದೂರದ ಅಂಕಿಗಳು ಮೇಲೆ ಬರದೆ ಪಕ್ಕಕ್ಕೆ ವಾಲಿ ನಿಲ್ಲುವುದು ಸಾಮಾನ್ಯ. ಬಹಳಷ್ಟು ಅಡಾಪ್ಟರ್‌ಗಳ ಸುತ್ತ ಮೂರು ಪುಟ್ಟ ಸ್ಕ್ರೂ ಇರುತ್ತವೆ. ಅವನ್ನು ಕಾಲು ಸುತ್ತು ಸಡಿಲಿಸಿ, ಒಳಗಿನ ರಿಂಗ್ ತಿರುಗಿಸಿ ಅಂಕಿ ಮೇಲೆ ಬರುವಂತೆ ಮಾಡಿ, ಮೂರನ್ನೂ ಸಮನಾಗಿ ಬಿಗಿಯಿರಿ. ಅಪರ್ಚರ್ ಅಂಕಿ ನೋಡಲು ಪ್ರತಿಸಲ ಕ್ಯಾಮೆರಾ ಮಗುಚುವ ಕಷ್ಟ ತಪ್ಪುತ್ತದೆ.

ಕೊಳವೆಯ ಒಳಗೋಡೆ ಹೊಳೆಯುತ್ತಿದೆಯೇ ನೋಡಿ. ಕಪ್ಪು ಬಣ್ಣ ಬಳಿದಿದ್ದರೂ ನುಣುಪಾಗಿದ್ದರೆ ಬೆಳಕು ಪ್ರತಿಫಲಿಸಿ ಚಿತ್ರದ ನಡುವೆ ಬಿಳಿಚಿದ ಮಬ್ಬು ಬರುತ್ತದೆ. ಹಿಂದೆ ಅಂಟು ಇರುವ ಕಪ್ಪು ವೆಲ್ವೆಟ್ ಹಾಳೆಯನ್ನು ಅಳತೆಗೆ ಕತ್ತರಿಸಿ ಒಳಗೆ ಅಂಟಿಸಿ. ನೂಲು ಉದುರದಂತೆ ಅಂಚನ್ನು ಒತ್ತಿ ಕೂರಿಸಿ. ಹಳೆಯ ಲೆನ್ಸ್‌ನಲ್ಲಿ ಕಾಂಟ್ರಾಸ್ಟ್ ಇಲ್ಲ ಎನ್ನುವ ದೂರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಅಪರ್ಚರ್ ತೆರೆದೇ ಉಳಿದರೆ: ಎಂ42ನಲ್ಲಿ ಎ/ಎಂ (ಆಟೋ/ಮ್ಯಾನುವಲ್) ಗುಂಡಿ ಇದ್ದರೆ ಎಂಗೆ ತಳ್ಳಿ. ಗುಂಡಿಯೇ ಇಲ್ಲದ ಲೆನ್ಸ್‌ಗೆ ಹಿಂದಿನ ಪಿನ್ ಒತ್ತಿಹಿಡಿಯುವ ಒಳ ಅಂಚು ಇರುವ ಅಡಾಪ್ಟರ್ ಬೇಕು. ಕ್ಯಾನನ್ ಎಫ್‌ಡಿ ಅಡಾಪ್ಟರ್‌ನ ರಿಂಗ್ ಲಾಕ್ ಕಡೆಗೆ ಇರಬೇಕು, ಓಪನ್ ಕಡೆಗೆ ಇದ್ದರೆ ಅಪರ್ಚರ್ ರಿಂಗ್ ತಿರುಗಿದರೂ ಎಲೆ ಅಲುಗುವುದಿಲ್ಲ.

ಕ್ಯಾಮೆರಾದಲ್ಲಿ ಬದಲಿಸಬೇಕಾದದ್ದು

ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಅನುಮತಿಯನ್ನು ಮೆನುವಿನಲ್ಲಿ ಕೊಡಿ. ಸೋನಿಯಲ್ಲಿ ಅದು ರಿಲೀಸ್ ವಿದೌಟ್ ಲೆನ್ಸ್, ಫ್ಯೂಜಿಯಲ್ಲಿ ಶೂಟ್ ವಿದೌಟ್ ಲೆನ್ಸ್. ಕೊಡದಿದ್ದರೆ ಗುಂಡಿ ಒತ್ತಿದರೂ ಕ್ಯಾಮೆರಾ ಸುಮ್ಮನಿರುತ್ತದೆ.

ಕ್ಯಾಮೆರಾದೊಳಗೆ ಸ್ಟೆಬಿಲೈಸೇಶನ್ (ಸೆನ್ಸರ್ ಅಲುಗಿಸಿ ಕೈನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂಗ್ತ್ ಕೈಯಾರೆ ತುಂಬಬೇಕು. ಲೆನ್ಸ್ ಮೇಲೆ ಬರೆದ ಅಂಕಿಯನ್ನೇ ತುಂಬಿ, 1.5ರಿಂದ ಗುಣಿಸಬೇಡಿ. ಸರಿಯಾದ ಅಂಕಿ ಪಟ್ಟಿಯಲ್ಲಿ ಇಲ್ಲದಿದ್ದರೆ ಹತ್ತಿರದ್ದು. 135 ಹಾಕಿದ್ದವರು 28ಕ್ಕೆ ಬದಲಿಸಿ ಮೆನು ಮರೆತರೆ ಸೆನ್ಸರ್ ಬೇಕಾದದ್ದಕ್ಕಿಂತ ಹೆಚ್ಚು ಅಲುಗಿ, ಕೈ ನಡುಗದಿದ್ದರೂ ಚಿತ್ರ ನಡುಗಿದಂತೆ ಬರುತ್ತದೆ. ಈ ಅಂಕಿ ಬದಲಿಸುವ ಆಯ್ಕೆಯನ್ನು ಒಂದು ಗುಂಡಿಗೆ ಜೋಡಿಸಿ ಇಟ್ಟುಕೊಳ್ಳಿ. ನಿಕಾನ್ ಝಡ್‌ನಲ್ಲಿ ನಾನ್-ಸಿಪಿಯು ಲೆನ್ಸ್ ಎಂಬಲ್ಲಿ ಲೆನ್ಸ್‌ಗಳ ಫೋಕಲ್ ಲೆಂಗ್ತ್, ಗರಿಷ್ಠ ಅಪರ್ಚರ್ ಮೊದಲೇ ತುಂಬಿಡಬಹುದು.

ಮೋಡ್ ಅಪರ್ಚರ್ ಪ್ರಿಯಾರಿಟಿ: ಅಪರ್ಚರ್ ನಾವು ಇಡುವುದು, ಶಟರ್ ವೇಗ ಕ್ಯಾಮೆರಾ ಆರಿಸುವುದು. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) ಆಟೋ, ಗರಿಷ್ಠ 6400. ಕನಿಷ್ಠ ಶಟರ್ ವೇಗವನ್ನು ಮಾತ್ರ ಕ್ಯಾಮೆರಾಗೆ ಬಿಡಬೇಡಿ, ಲೆನ್ಸ್ ಎಷ್ಟು ಉದ್ದದ್ದು ಎಂದು ಅದಕ್ಕೆ ತಿಳಿಯದು. ಫುಲ್ ಫ್ರೇಮ್‌ನಲ್ಲಿ 28 ಮತ್ತು 58 ಮಿ.ಮೀ. ಎರಡಕ್ಕೂ 1/125, ಎಪಿಎಸ್-ಸಿಯಲ್ಲಿ 1/200, 135 ಮಿ.ಮೀ.ಗೆ 1/320 ಇಡಿ. ಕಡತ ರಾ (ಕ್ಯಾಮೆರಾ ಸಂಸ್ಕರಿಸದ) ರೂಪದಲ್ಲಿರಲಿ.

ಫೋಕಸ್ ಆದ ಅಂಚಿಗೆ ಬಣ್ಣ ಬಳಿದು ತೋರಿಸುವ ಫೋಕಸ್ ಪೀಕಿಂಗ್ ಹಾಕಿ, ಬಣ್ಣ ಕೆಂಪು, ಮಟ್ಟ ಕಡಿಮೆ. ಹಂಪಿಯ ಬಂಡೆ ಕೆಂಪು ಛಾಯೆಯದು ಎಂದು ಕಣ್ಣಿಗೆ ಕಂಡರೆ ಹಳದಿಗೆ ಬದಲಿಸಿ. ಫೋಕಸ್ ಹಿಗ್ಗಿಸಿ ತೋರಿಸುವ ಆಯ್ಕೆಯನ್ನು ಹೆಬ್ಬೆರಳಿಗೆ ಸುಲಭವಾಗಿ ಸಿಗುವ ಗುಂಡಿಗೆ ಕೊಡಿ. ಪೀಕಿಂಗ್ ದಾರಿ ತೋರಿಸುತ್ತದೆ ಅಷ್ಟೆ, ತೀರ್ಪು ಕೊಡಬೇಕಾದದ್ದು ಹಿಗ್ಗಿಸಿದ ಚಿತ್ರ.

ಹೊರಡುವ ಮುಂಚಿನ ಒಂದು ಸಂಜೆ

ಅರ್ಧ ಕಿಲೋಮೀಟರ್‌ಗೂ ಆಚೆಯ ಟವರ್ ಅಥವಾ ಚಂದ್ರನನ್ನು ಹಿಗ್ಗಿಸಿ ಫೋಕಸ್ ಮಾಡಿ. ಬಹುಪಾಲು ಅಡಾಪ್ಟರ್‌ಗಳನ್ನು ಅಗತ್ಯಕ್ಕಿಂತ ಕೂದಲೆಳೆಯಷ್ಟು ಗಿಡ್ಡ ಮಾಡಿರುತ್ತಾರೆ, ಹಾಗಾಗಿ ರಿಂಗ್ ಅನಂತದ ಗುರುತಿಗೆ ಬಡಿಯುವ ಮೊದಲೇ ದೂರದ ವಸ್ತು ಚೂಪಾಗುತ್ತದೆ. ಕೊನೆವರೆಗೆ ತಿರುಗಿಸಿದರೆ ಬೆಟ್ಟವೇ ಮಸುಕು. ಚೂಪಾದ ಜಾಗಕ್ಕೆ ನೇರವಾಗಿ ರಿಂಗ್ ಮೇಲೆ ಬಿಳಿ ಪೆನ್ಸಿಲ್‌ನ ಒಂದು ಗೆರೆ ಹಾಕಿ. ಗುರುತಿಗೆ ಬಡಿದರೂ ದೂರದ್ದು ಚೂಪಾಗದಿದ್ದರೆ ಅಡಾಪ್ಟರ್ ಉದ್ದವಾಗಿದೆ, ಅದನ್ನು ಹಿಂತಿರುಗಿಸಿ.

ಆಮೇಲೆ ಗೋಡೆಗೆ ಒಂದು ದಿನಪತ್ರಿಕೆ ಅಂಟಿಸಿ, ಎರಡು ಮೀಟರ್ ದೂರದಿಂದ ಪ್ರತಿ ಅಪರ್ಚರ್‌ನಲ್ಲೂ ಒಂದೊಂದು ಚಿತ್ರ. ಲೆನ್ಸ್ ಎಲ್ಲಿ ಚೂಪಾಗುತ್ತದೆ, ಮೂಲೆಗಳು ಯಾವಾಗ ಸರಿಹೋಗುತ್ತವೆ ಎಂದು ಇದರಲ್ಲೇ ತಿಳಿಯುತ್ತದೆ. ಎಫ್ 1.4ರ ಕೆಲವು ಲೆನ್ಸ್‌ಗಳಲ್ಲಿ ಪೂರ್ತಿ ತೆರೆದು ಫೋಕಸ್ ಮಾಡಿ 2.8ಕ್ಕೆ ಇಳಿಸಿದಾಗ ಫೋಕಸ್ ಸ್ವಲ್ಪ ಹಿಂದೆ ಸರಿಯುತ್ತದೆ, ಹಾಗಿದ್ದರೆ 2.8ರಲ್ಲೇ ಫೋಕಸ್ ಮಾಡುವ ರೂಢಿ ಮಾಡಿಕೊಳ್ಳಿ.

ಈ ಪರೀಕ್ಷೆ ಮುಗಿದ ಮೇಲೆ ಮೂರು ಅಪರ್ಚರ್ ಆರಿಸಿಕೊಳ್ಳಿ: 2, 4, 8. ಇಡೀ ಪ್ರವಾಸ ಈ ಮೂರರಲ್ಲೇ. ಕ್ಯಾಮೆರಾ ಬರೆದುಕೊಳ್ಳದ ಅಂಕಿಯನ್ನು ನಾವು ಮರೆಯದಿರಲು ಇದಕ್ಕಿಂತ ಸುಲಭದ ಉಪಾಯ ಇಲ್ಲ. ಮುಖ, ಬಳ್ಳಿ, ಸಣ್ಣ ಶಿಲ್ಪ ಎಂದರೆ 2, ಮಂಟಪದೊಳಗೆ 4, ಬಯಲು, ಬೆಟ್ಟ, ಹೊಳೆ 8. ಊರಿಗೆ ಬಂದ ಮೇಲೆ ಚಿತ್ರ ನೋಡಿಯೇ ಯಾವುದೆಂದು ಹೇಳಬಹುದು. ಆದರೂ ಅನುಮಾನ ಬರುವ ಕಡೆ ಎರಡು ಬೆರಳು, ನಾಲ್ಕು ಬೆರಳು ಲೆನ್ಸ್ ಮುಂದೆ ಹಿಡಿದು ಒಂದು ಚಿತ್ರ ತೆಗೆದುಬಿಡಿ.

ಹಂಪಿಯಲ್ಲಿ

ಮಾತಂಗ ಬೆಟ್ಟದಿಂದ ಶುರು ಮಾಡಿ. ಸೂರ್ಯ ಹುಟ್ಟುವ ಮುಕ್ಕಾಲು ಗಂಟೆ ಮೊದಲು ತುದಿಯಲ್ಲಿರಬೇಕು. ಕತ್ತಲಲ್ಲಿ ಮೆಟ್ಟಿಲು, ಬಂಡೆ ಹತ್ತಬೇಕಾದ್ದರಿಂದ ಟಾರ್ಚ್ ಇರಲಿ, ಒಬ್ಬರೇ ಹೋಗಬೇಡಿ. ದೂರದ ಒಂದು ವಿದ್ಯುತ್ ದೀಪ ಹಿಗ್ಗಿಸಿ ಫೋಕಸ್ ಮಾಡಿ ರಿಂಗ್ ಮುಟ್ಟದೆ ಬಿಡಿ. 28 ಮಿ.ಮೀ., ಎಫ್ 8. ಸೂರ್ಯ ಚೌಕಟ್ಟಿನೊಳಗೆ ಬಂದರೆ ಹಳೆಯ ಲೇಪನದ ಗಾಜಿನಲ್ಲಿ ಬಣ್ಣದ ಬೊಟ್ಟುಗಳು ಸಾಲಾಗಿ ಬೀಳುತ್ತವೆ. ಯುವಿ ಫಿಲ್ಟರ್ ತೆಗೆದುಬಿಡಿ, ಅದು ಇನ್ನೊಂದು ಪ್ರತಿಬಿಂಬ ಸೇರಿಸುತ್ತದೆ. ಸೂರ್ಯ ಚೌಕಟ್ಟಿನ ಹೊರಗೆ ಇದ್ದರೂ ಗಾಜಿಗೆ ಬಡಿಯುತ್ತಿದ್ದರೆ ಇಡೀ ಚಿತ್ರ ಹಾಲು ಚೆಲ್ಲಿದಂತಾಗುತ್ತದೆ. ಲೆನ್ಸ್‌ನ ಮೇಲೆ ಒಂದು ಅಡಿ ಮುಂದೆ ಅಂಗೈ ಅಡ್ಡ ಹಿಡಿದು, ಅಂಗೈಯ ನೆರಳು ಮುಂದಿನ ಗಾಜಿನ ಮೇಲೆ ಬೀಳುವವರೆಗೆ ಸರಿಸಿ. ಕಣ್ಣೆದುರೇ ಬಣ್ಣ ತುಂಬಿಕೊಳ್ಳುವುದು ಕಾಣುತ್ತದೆ.

ಎಲ್ಲರೂ ಪೂರ್ವಕ್ಕೆ ನೋಡುತ್ತಿರುವಾಗ ನೀವು ಹಿಂದೆ ತಿರುಗಿ. ಕೆಳಗೆ ಅಚ್ಯುತರಾಯ ದೇವಾಲಯ, ಪಶ್ಚಿಮಕ್ಕೆ ವಿರೂಪಾಕ್ಷ ಗೋಪುರ. ಎಳೆಬಿಸಿಲು ಗೋಪುರದ ಪೂರ್ವಮುಖಕ್ಕೆ ನೇರ ಬೀಳುವ ಆ ಹದಿನೈದು ನಿಮಿಷ 135 ಮಿ.ಮೀ. ಒಯ್ದದ್ದು ಸಾರ್ಥಕ.

ಬಿಸಿಲೇರಿದ ಮೇಲೆ ಮೀಟರ್ ಮೇಲೆ ಅನುಮಾನ ಬಂದರೆ ಹಳೆಯ ಲೆಕ್ಕ ಇದೆ: ನಿಚ್ಚಳ ಬಿಸಿಲಿಗೆ ಐಎಸ್‌ಒ 100, ಎಫ್ 16, 1/125. ಅದನ್ನೇ ಎಫ್ 8ಕ್ಕೆ ತಂದರೆ 1/500. ಬಿಳಿಚಿದ ಆಕಾಶ ಹೆಚ್ಚು ಇರುವ ಕಡೆ ಎಕ್ಸ್‌ಪೋಷರ್ ತಿದ್ದುವ ಅಂಕಿಯನ್ನು -2/3ಕ್ಕೆ ಇಳಿಸಿ.

ವಿಠ್ಠಲ ದೇವಾಲಯಕ್ಕೆ ಪೂರ್ವದ ಗೋಪುರದಿಂದ ಒಳಹೋಗುವುದರಿಂದ ಬೆಳಗಿನ ಬಿಸಿಲು ಬೆನ್ನಿಗಿರುತ್ತದೆ, ಕಲ್ಲಿನ ರಥ ಎದುರಿಗೆ. 50 ರೂಪಾಯಿ ನೋಟಿನ ಮೇಲಿರುವ ಅದೇ ರಥ. ಮುಂಭಾಗ ಬೆಳಗಿದ್ದರೂ ಉಬ್ಬುತಗ್ಗು ಕಾಣಬೇಕಾದರೆ ಬಿಸಿಲು ಓರೆಯಾಗಿ ತಾಗುವ ಬದಿಗೆ ಸರಿಯಿರಿ. ಚಕ್ರದ ಕೆತ್ತನೆ 58 ಮಿ.ಮೀ.ನಲ್ಲಿ ಎಫ್ 4ಕ್ಕೆ ಚೆನ್ನಾಗಿ ಬರುತ್ತದೆ. ಒಂದು ಮೀಟರ್ ದೂರದಲ್ಲಿ 58 ಮಿ.ಮೀ. ಎಫ್ 2 ಎಂದರೆ ಚೂಪಾಗಿರುವುದು ಸುಮಾರು ಮೂರೂವರೆ ಸೆಂ.ಮೀ. ಮಾತ್ರ, ಎರಡು ಮೀಟರ್‌ಗೆ 14 ಸೆಂ.ಮೀ. ಉಸಿರು ಬಿಟ್ಟಾಗ ದೇಹ ಮುಂದೆ ವಾಲಿದರೂ ಫೋಕಸ್ ತಪ್ಪುತ್ತದೆ. ಅದಕ್ಕೆ ರಿಂಗ್‌ನಲ್ಲಿ ಒರಟಾಗಿ ಫೋಕಸ್ ಮಾಡಿ, ಆಮೇಲೆ ರಿಂಗ್ ಬಿಟ್ಟು ಇಡೀ ದೇಹವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಮೂರು ನಾಲ್ಕು ಚಿತ್ರ ತೆಗೆಯಿರಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಕಂಬಕ್ಕೆ ಒರಗಿ ನಿಲ್ಲಬೇಡಿ, ಕಟ್ಟೆಯ ಮೇಲೆ ಮೊಣಕೈ ಊರಿದರೆ ಸಾಕು.

ವಿರೂಪಾಕ್ಷ ದೇವಾಲಯದ ಹಿಂಭಾಗದಲ್ಲಿ, ಲೆನ್ಸ್ ಪ್ರೀತಿಸುವವರೆಲ್ಲ ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ ಒಂದಿದೆ. ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಎದುರಿನ ಸಣ್ಣ ಕಿಂಡಿಯೇ ಅಲ್ಲಿ ಲೆನ್ಸ್. ನಮ್ಮ ಕೈಯಲ್ಲಿರುವ ಗಾಜು ಮಾಡುವ ಕೆಲಸವನ್ನೇ ಗಾಜಿಲ್ಲದೆ ಒಂದು ರಂಧ್ರ ಮಾಡುತ್ತಿದೆ. ಇದನ್ನು ಹಿಡಿಯುವುದರಲ್ಲಿ ಒಂದು ತೊಡಕಿದೆ: ಕಿಂಡಿಯ ಬಿಂಬಕ್ಕೆ ಚೂಪು ಅಂಚೇ ಇರುವುದಿಲ್ಲ, ಹಾಗಾಗಿ ಪೀಕಿಂಗ್ ಏನೂ ತೋರಿಸದು, ರಿಂಗ್ ಎತ್ತ ತಿರುಗಿಸಿದರೂ ಒಂದೇ. ಅಲ್ಲಿರುವವರನ್ನು ಕೇಳಿ, ಫೋನಿನ ಬೆಳಕನ್ನು ಒಂದು ಕ್ಷಣ ಗೋಡೆಯ ಮೇಲೆ ಬಿಟ್ಟು ಸುಣ್ಣದ ಬಿರುಕಿಗೋ ಕಲೆಗೋ ಫೋಕಸ್ ಮಾಡಿ, ಬೆಳಕು ಆರಿಸಿ. ಎಫ್ 2, ಐಎಸ್‌ಒ 3200, 1/30ರಿಂದ ಶುರು ಮಾಡಿ, ತೆರೆಯಲ್ಲಿ ನೋಡಿ ಸರಿಪಡಿಸಿ. ಗೋಡೆಗೆ ಸಮಾಂತರವಾಗಿ ನಿಂತರೆ ಎಫ್ 2ರಲ್ಲೂ ಇಡೀ ಗೋಡೆ ಚೂಪಾಗಿರುತ್ತದೆ. ಗರ್ಭಗುಡಿಯ ಕಡೆಗೆ ಕ್ಯಾಮೆರಾ ಎತ್ತಬೇಡಿ.

ಪೇಟೆಯಲ್ಲಿ, ಹರಿಗೋಲಿನಲ್ಲಿ ಫೋಕಸ್ ಮಾಡುತ್ತಾ ಕೂರಲು ಹೊತ್ತಿರುವುದಿಲ್ಲ. 28 ಮಿ.ಮೀ. ಎಫ್ 8ಕ್ಕೆ ಇಟ್ಟು ದೂರದ ಅಂಕಿ 3.3 ಮೀಟರ್‌ಗೆ ನಿಲ್ಲಿಸಿದರೆ ಫುಲ್ ಫ್ರೇಮ್‌ನಲ್ಲಿ ಸುಮಾರು 1.65 ಮೀಟರ್‌ನಿಂದ ಅನಂತದವರೆಗೆ ಒಪ್ಪುವಷ್ಟು ಚೂಪು. ಎಪಿಎಸ್-ಸಿಯಲ್ಲಿ ಇದು 4.9 ಮೀಟರ್, ಅಲ್ಲಿಂದ 2.45 ಮೀಟರ್ ಹತ್ತಿರದವರೆಗೆ. 50 ಮಿ.ಮೀ. ಆದರೆ ಎಫ್ 8ರಲ್ಲಿ ಹತ್ತೂವರೆ ಮೀಟರ್. ಲೆನ್ಸ್ ಮೇಲೆ ಕೆತ್ತಿರುವ ಆಳದ ಗೆರೆಗಳನ್ನು ಇಂದಿನ ಸೆನ್ಸರ್‌ಗೆ ಪೂರ್ತಿ ನಂಬಬೇಡಿ. ಎಫ್ 8ರಲ್ಲಿ ತೆಗೆಯುವಾಗ 5.6ರ ಗೆರೆಗಳ ನಡುವಿನ ದೂರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಹರಿಗೋಲು ತಿರುಗುತ್ತಿರುವುದರಿಂದ ಶಟರ್ 1/500ಕ್ಕಿಂತ ಕಡಿಮೆ ಬೇಡ. ಲೆನ್ಸ್ ಬದಲಿಸುವುದನ್ನು ದಡದಲ್ಲೇ ಮುಗಿಸಿ.

ಹೀಲಿಯೋಸ್‌ನ ಸುತ್ತುವ ಹಿನ್ನೆಲೆ ಬೇಕೆಂದು ಹೊಳೆಯಂಚಿನ ಬಾಳೆತೋಟಕ್ಕೆ ನುಗ್ಗುವವರೇ ಹೆಚ್ಚು. ಬಾಳೆ ಎಲೆ ಬಲು ಅಗಲ, ಹಸಿರು ಹಚ್ಚಡದಂತೆ ಮಸುಕಾಗುತ್ತದೆ, ಸುತ್ತು ಕಾಣುವುದಿಲ್ಲ. ಬೇಕಾದದ್ದು ಸಣ್ಣೆಲೆಯ ಮರ: ಹುಣಸೆ, ಬೇವು, ಜಾಲಿ. ಎಲೆಗಳ ಸಂದಿಯಲ್ಲಿ ಆಕಾಶದ ಚುಕ್ಕೆಗಳು ತೂರಿ ಬರುವಂತಿರಬೇಕು. ವ್ಯಕ್ತಿಯನ್ನು ಒಂದೂವರೆಯಿಂದ ಎರಡೂವರೆ ಮೀಟರ್ ದೂರದಲ್ಲಿ, ಮರವನ್ನು ಅವರ ಹಿಂದೆ ಎಂಟು ಹತ್ತು ಮೀಟರ್ ಆಚೆ ಇಡಿ, ಅಪರ್ಚರ್ ಎಫ್ 2. ಮುಖ ಚೌಕಟ್ಟಿನ ನಡುವಿಗೆ ಹತ್ತಿರವಿರಲಿ, ಸುತ್ತು ಮೂಲೆಗಳಲ್ಲಿ ಮೂಡುತ್ತದೆ. ಎಪಿಎಸ್-ಸಿಯಲ್ಲಿ ಮೂಲೆಗಳೇ ಕತ್ತರಿಸಿ ಹೋಗುವುದರಿಂದ ಈ ಪರಿಣಾಮ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಲೆನ್ಸ್ ಅನ್ನು ದೂರಬೇಡಿ. ಯಾರ ಮುಖ ಹಿಡಿಯುವುದಿದ್ದರೂ ಮೊದಲು ಕೇಳಿ; ಫೋಕಸ್‌ಗೆ ಹೇಗೂ ನಾಲ್ಕೈದು ಸೆಕೆಂಡ್ ಬೇಕು, ಕದ್ದು ತೆಗೆಯುವ ಲೆನ್ಸ್ ಇದಲ್ಲ.

ರಾತ್ರಿ ಕೋಣೆಯಲ್ಲಿ

ಮಧ್ಯಾಹ್ನ ಕಾರಿನಲ್ಲಿ ಬ್ಯಾಗ್ ಬಿಡಬೇಡಿ, ಆ ಬಿಸಿಗೆ ಗ್ರೀಸ್ ಕರಗಿ ಎಲೆಗಳಿಗೆ ಇಳಿಯುತ್ತದೆ. ರಾತ್ರಿ ಊದುಗೊಳವೆಯಿಂದ ಅಡಾಪ್ಟರ್ ಒಳಗೆ ಊದಿ. ತಿರುಪು ಉಜ್ಜಿ ಬಂದ ಲೋಹದ ಪುಡಿ ಸೆನ್ಸರ್‌ಗೆ ಬೀಳಬಾರದು. ಎಫ್ 8ರ ಆಕಾಶದಲ್ಲಿ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ ಮತ್ತೆ ಮತ್ತೆ ಬಂದರೆ ಅದು ಸೆನ್ಸರ್ ಮೇಲಿನ ಧೂಳು.

ಊರಿಗೆ ಮರಳಿದ ಮೇಲೆ ಗಾಳಿಯಾಡದ ಡಬ್ಬ, ಒಳಗೆ 100 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. 40ರಿಂದ 50 ಪ್ರತಿಶತ ಇದ್ದರೆ ಒಳ್ಳೆಯದು, 65 ದಾಟಿದರೆ ಫಂಗಸ್‌ಗೆ ಹಬ್ಬ. ನೀಲಿ ಹರಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ಹಳೆಯ ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ನುಸಿಗುಳಿಗೆಯನ್ನೂ ಹತ್ತಿರ ತರಬೇಡಿ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ತಿದ್ದುವುದು, ಹಂಚುವುದು

ಮೊದಲು ಕಾಣೆಯಾದ ಅಂಕಿಗಳನ್ನು ತುಂಬಿ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ಲೆನ್ಸ್ ಹೆಸರು, ಫೋಕಲ್ ಲೆಂಗ್ತ್, ಅಪರ್ಚರ್ ಮೂರನ್ನೂ ಒಂದು ಇಡೀ ಫೋಲ್ಡರ್‌ಗೆ ಒಟ್ಟಿಗೆ ಬರೆಯಬಹುದು. 2, 4, 8ಕ್ಕೆ ಒಂದೊಂದು ಫೋಲ್ಡರ್ ಮಾಡಿ ಚಿತ್ರಗಳನ್ನು ಹಂಚಿಬಿಟ್ಟರೆ ಅರ್ಧ ಗಂಟೆಯ ಕೆಲಸ. ಅದು ಮೂಲ ಕಡತದ ಪ್ರತಿಯನ್ನು ಪಕ್ಕದಲ್ಲೇ ಉಳಿಸುತ್ತದೆ. ಎಲ್ಲ ಸರಿಯಿದೆ ಎಂದು ನೋಡುವವರೆಗೆ ಅದನ್ನು ಅಳಿಸಬೇಡಿ.

ತಿದ್ದುವಾಗ ಕೈ ಹಗುರವಾಗಿರಲಿ. ಹಳೆಯ ಲೆನ್ಸ್‌ನ ಚಿತ್ರದಲ್ಲಿ ಕಪ್ಪು ಪೂರ್ತಿ ಕಪ್ಪಾಗಿರುವುದಿಲ್ಲ. ತಿದ್ದುವ ತಂತ್ರಾಂಶದಲ್ಲಿ ಬ್ಲ್ಯಾಕ್ಸ್ ಸ್ವಲ್ಪ ಇಳಿಸಿದರೆ ಮುಕ್ಕಾಲು ಸರಿಹೋಗುತ್ತದೆ. ಮಬ್ಬು ತೆಗೆಯುವ ಡಿಹೇಜ್ 10 ದಾಟಿದರೆ ಗೋಪುರದ ಸುತ್ತ ಕೊಳಕು ಅಂಚು ಏಳುತ್ತದೆ. ಆಕಾಶಕ್ಕೆ ಎದುರಾದ ಕಂಬದ ಅಂಚಿನಲ್ಲಿ ನೇರಳೆ ಗೆರೆ ಇದ್ದರೆ ಡಿಫ್ರಿಂಜ್‌ನಿಂದ ತೆಗೆಯಿರಿ, ಮುಂದಿನ ಸಲ ಅಂಥ ಕಡೆ ಅಪರ್ಚರ್ ಇನ್ನಷ್ಟು ಮುಚ್ಚಿ. ವೈಟ್ ಬ್ಯಾಲೆನ್ಸ್ ಅನ್ನು ಒಂದು ಹೊತ್ತಿನ ಎಲ್ಲ ಚಿತ್ರಗಳಿಗೂ ಒಂದೇ ಇಡಿ. ಇಲ್ಲದಿದ್ದರೆ ಒಂದೇ ಬಂಡೆ ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಳದಿ. ಮೂಲೆಯ ಕತ್ತಲನ್ನು ಪೂರ್ತಿ ಅಳಿಸುವುದು ಬೇಡ. ಆಧುನಿಕ ಲೆನ್ಸ್‌ನಂತೆ ಕಾಣಿಸಬೇಕಿದ್ದರೆ ಇದನ್ನು ಹೊತ್ತು ಬೆಟ್ಟ ಹತ್ತುವ ಅಗತ್ಯವೇ ಇರಲಿಲ್ಲ.

ಎರಡು ದಿನಕ್ಕೆ ಹತ್ತು ಹನ್ನೆರಡು ಚಿತ್ರ ಸಾಕು. ಅದರಲ್ಲಿ ಒಂದು ಜೋಡಿ, ಒಂದೇ ದೃಶ್ಯವನ್ನು ಎಫ್ 2 ಮತ್ತು ಎಫ್ 8ರಲ್ಲಿ ತೆಗೆದದ್ದು ಇರಲಿ. ಅದೇ ಲೆನ್ಸ್ ಕೊಳ್ಳಬೇಕೆಂದಿರುವವರಿಗೆ ಉಳಿದ ಹತ್ತಕ್ಕಿಂತ ಈ ಎರಡೇ ಹೆಚ್ಚು ಹೇಳುತ್ತವೆ. ಫಂಗಸ್‌ನಿಂದ ಮಬ್ಬಾದ ಚಿತ್ರವಿದ್ದರೆ ಅದನ್ನೂ ಹಂಚಿ, ಕಾರಣ ಬರೆದು.

ಕಡತ ಎಸ್‌ಆರ್‌ಜಿಬಿ ಬಣ್ಣದಲ್ಲಿ, ಉದ್ದನೆಯ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 85. ಇನ್‌ಸ್ಟಾಗ್ರಾಮ್‌ಗೆ ನಿಲುವು ಚಿತ್ರವಾದರೆ 1080ಕ್ಕೆ 1350. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಹಿಂಡಿ ಸಣ್ಣ ಮಾಡುತ್ತದೆ, ಲೆನ್ಸ್‌ನ ಗುಣ ತೋರಿಸಬೇಕೆಂದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಶಾರ್ಪನಿಂಗ್ ಗಾತ್ರ ಕಿರಿದು ಮಾಡಿದ ಮೇಲೆ, ಬಹಳ ಕಡಿಮೆ. ಹಲವು ತಾಣಗಳು ಕಡತದೊಳಗಿನ ಮಾಹಿತಿಯನ್ನು ಅಳಿಸಿಬಿಡುತ್ತವೆ, ಆದ್ದರಿಂದ ವಿವರವನ್ನು ಚಿತ್ರದ ಕೆಳಗೆ ಅಕ್ಷರದಲ್ಲೂ ಬರೆಯಬೇಕು. ಸಾಲು ಇಷ್ಟಿದ್ದರೆ ಸಾಕು:

ಮಾತಂಗ ಬೆಟ್ಟದಿಂದ ವಿರೂಪಾಕ್ಷ ಗೋಪುರ, ಬೆಳಗ್ಗೆ. ಹೀಲಿಯೋಸ್ 44-2, 58 ಮಿ.ಮೀ., ಎಫ್ 8, 1/250, ಐಎಸ್‌ಒ 100, ಫುಲ್ ಫ್ರೇಮ್. ಫಿಲ್ಟರ್ ಇಲ್ಲ, ಅಂಗೈ ಮರೆ. ಬ್ಲ್ಯಾಕ್ಸ್ ಮಾತ್ರ ಇಳಿಸಿದೆ.